ಆಶಿಹಾಮದ ಸಕೋನ್ ಸತ್ತ ಸುದ್ದಿ

ಕನ್ಶೋ ಏಳನೆಯ ವರ್ಷ, ಅಧಿಕ ಎರಡನೆಯ ತಿಂಗಳು, ಹನ್ನೆರಡು
ಆಶಿಹಾಮ, ಬಿವಾ ಸರೋವರದ ದಡ

ನಾಮಿಗೆ,

ನಿನ್ನ ಕ್ಷೇಮ ಕೇಳಲು ಬರೆಯುತ್ತಿಲ್ಲ. ಓತ್ಸುವಿಗೆ ಮೀನು ಸಾಗಿಸುವ ದೋಣಿಯವನು ನಿನ್ನೆ ಬಂದು ಹೇಳಿದ ಮಾತು ಕೇಳಿದ ಮೇಲೆ ಮಧ್ಯಾಹ್ನದ ಗಂಜಿ ಬಿಟ್ಟು ಎದ್ದು ಈ ಕಾಗದ ಹಿಡಿದೆ. ಎಚಿಜೆನ್ ಸೀಮೆಯ ಹೆಂಗಸರ ಮೇಳವೊಂದು ಕ್ಯೋಟೋಗೆ ಬಂದು, ಬಿದಿರಿನ ತಡಿಕೆ ಕಟ್ಟಿ, ಬಾಗಿಲಲ್ಲಿ ಹಣ ಎತ್ತಿ ಆಟ ಆಡುತ್ತಿದೆಯಂತೆ. ಮುಖವಾಡ ಹಾಕಿಕೊಂಡು ಗಂಡಸರ ಆಟ. ಯಜಮಾನಿಯ ಹೆಸರು ನಾಮಿಯಂತೆ. "ಸಕೋನರೇ, ಆಯಮ್ಮ ತಿರುಗೋದು ಥೇಟ್ ನಿಮ್ಮ ಹಾಗೇ" ಎಂದು ಆ ದೋಣಿಯವನು ಹಲ್ಲು ಕಿರಿದ.

ನಿನ್ನನ್ನು ಆ ಸೀಮೆಯ ತ್ಸುರುಗಾದ ಉಪ್ಪಿನ ವ್ಯಾಪಾರಿಗೆ ಕೊಟ್ಟಿದ್ದು ಮನೆ ನಡೆಸಲಿ ಎಂದು. ಅವನು ತೀರಿಕೊಂಡ ಮೇಲೆ ತಲೆ ಬೋಳಿಸಿಕೊಂಡು ಮಠ ಸೇರಿದ್ದರೆ ಯಾರೂ ಬೇಡ ಎನ್ನುತ್ತಿರಲಿಲ್ಲ. ಬೀದಿಯಲ್ಲಿ ಕುಣಿಯುತ್ತಿದ್ದೀಯೆ. ಅದನ್ನೂ ಹೇಗೋ ನುಂಗಿಕೊಳ್ಳುತ್ತಿದ್ದೆ. ಆದರೆ ನೀನು 'ಸೌದೆಯ ಮುದುಕಿ' ಆಡುತ್ತಿದ್ದೀಯೆ ಎಂದು ಕೇಳಿದೆ. ಆ ಆಟ ಕಟ್ಟಿದ್ದು ನನ್ನ ಅಜ್ಜ. ಅರಮನೆಯಲ್ಲಿ ಕುಣಿದು, ಮುಪ್ಪಿನಲ್ಲಿ ಸೌದೆ ಹೊರುವ ಹೆಂಗಸು ಹಿಮದಲ್ಲಿ ಒಬ್ಬ ಯೋಧನ ಮುಂದೆ ಕುಣಿಯುವಾಗ ಮದ್ದಳೆ ನಿಂತುಬಿಡುತ್ತದಲ್ಲ, ಆಮೇಲೆ ಸದ್ದೇ ಇಲ್ಲದೆ ಹೆಜ್ಜೆ ನಡೆಯುತ್ತದಲ್ಲ, ಆ ನಿಶ್ಶಬ್ದದ ಲೆಕ್ಕ ನಮ್ಮ ಮನೆಯ ಹೊಸ್ತಿಲು ದಾಟಿದ್ದಿಲ್ಲ. ನೀನು ಅದನ್ನು ಸಂತೆಯಲ್ಲಿ ಮೂಲಂಗಿ ಮಾರಿದ ಹಾಗೆ ಮಾರುತ್ತಿದ್ದೀಯೆ.

ನಮ್ಮ ಕುಲ ದೇಗುಲದ ಬಾಗಿಲಲ್ಲಿ ಕುಣಿದು ಎಂಜಲು ತಿನ್ನುತ್ತಿತ್ತು. ನಾಡನ್ನು ಆಳುವ ಈಗಿನ ಶೋಗುನರ ಅಜ್ಜ ಕೈ ಹಿಡಿದು ಎತ್ತಿದ ಮೇಲೆ ಮನುಷ್ಯರಾದೆವು. ಇತ್ತೀಚೆಗೆ ಯಾಮಾತೋ ಕಡೆಯ ಮೇಳಗಳು ಅರಮನೆ ಹಿಡಿದಿವೆ, ನಮ್ಮನ್ನು ಕೇಳುವವರಿಲ್ಲ. ಎಷ್ಟೋ ವರ್ಷ ಕಾದು ಕಾದು, ಈ ಎಂಟನೆಯ ತಿಂಗಳಲ್ಲಿ ನಮಗೊಂದು ದಿನ ಕೊಡುವುದಾಗಿ ಅಧಿಕಾರಿಗಳು ಒಪ್ಪಿದ್ದಾರೆ. ಹೆಂಗಸರ ಗುಂಪಿನ ಜೊತೆ ನಮ್ಮ ಹೆಸರು ಸೇರಿದರೆ ಆ ಬಾಗಿಲು ಮುಚ್ಚಿತು ಎಂದೇ ಲೆಕ್ಕ. ಊರು ಬಿಟ್ಟು ಹೋಗು. ಎರಡನೆಯ ಸಲ ಹೇಳುವವನಲ್ಲ ನಾನು.

ಆಶಿಹಾಮ ಮೇಳದ ಯಜಮಾನ,
ಸಕೋನ್


ಬುನ್ಶೋ ಒಂದನೆಯ ವರ್ಷ, ಅಧಿಕ ಎರಡನೆಯ ತಿಂಗಳು, ಇಪ್ಪತ್ತು
ಕ್ಯೋಟೋ

ಆಶಿಹಾಮ ಮೇಳದ ಯಜಮಾನರಿಗೆ,

ನಿಮ್ಮ ಪತ್ರ ಮುಟ್ಟಿತು. ಕನ್ಶೋ ಮುಗಿದು ವರ್ಷಕ್ಕೆ ಹೊಸ ಹೆಸರು ಬಂದಿದೆ ಎಂಬ ಸಂಗತಿ ಆಶಿಹಾಮಕ್ಕೆ ಇನ್ನೂ ಮುಟ್ಟಿಲ್ಲ ಎಂದು ಕಾಣುತ್ತದೆ. ಅರಮನೆಗೆ ಅರ್ಜಿ ಹಾಕುವವರು ಇದನ್ನಾದರೂ ತಿಳಿದುಕೊಂಡಿರಬೇಕು. ನಕ್ಕಾರು.

ನಾನು ಊರು ಬಿಡುವುದಿಲ್ಲ. ಆಟವನ್ನೂ ಬಿಡುವುದಿಲ್ಲ. ಹೊಸ್ತಿಲು ದಾಟಿದ್ದಿಲ್ಲ ಎಂದಿರಿ. ದಾಟಿಸಿದವರು ಯಾರು? ನನಗಿಂತ ಮೊದಲು ಹುಟ್ಟಿದ ಗಂಡುಮಕ್ಕಳು ಒಬ್ಬೊಬ್ಬರಾಗಿ ತೀರಿಹೋದಾಗ, ನನಗೆ ಹುಡುಗನ ಜುಟ್ಟು ಕಟ್ಟಿ, ಹಿತ್ತಿಲ ಜೊಂಡಿನ ಮರೆಯಲ್ಲಿ ನಿಲ್ಲಿಸಿ, ಸೊಂಟ ಮೇಲೆದ್ದಾಗಲೆಲ್ಲ ಬಿದಿರು ಕಡ್ಡಿಯಿಂದ ಹೊಡೆದು ಕಲಿಸಿದಿರಿ. ಒಡೆಯರ ಮನೆಗಳಲ್ಲಿ ನನ್ನನ್ನು ಗಂಡು ಎಂದು ಹೇಳಿಯೇ ಕುಣಿಸಿದಿರಿ. ಆಮೇಲೆ ಮಗೊಶಿರೊ ಹುಟ್ಟಿದ. ಹುಟ್ಟಿದ ಮಾತ್ರಕ್ಕೆ ನೀವು ನಂಬಲಿಲ್ಲ. ಅವನು ಬದುಕುತ್ತಾನೆ ಎಂದು ಖಾತ್ರಿಯಾಗುವವರೆಗೂ ನನ್ನನ್ನು ಕೈಯಲ್ಲೇ ಇಟ್ಟುಕೊಂಡಿದ್ದಿರಿ. ಅವನನ್ನು ಬೆನ್ನಿಗೆ ಕಟ್ಟಿಕೊಂಡೇ ನಾನು ಹೆಜ್ಜೆ ಹಾಕುತ್ತಿದ್ದೆ. ಅವನು ಆರು ದಾಟಿ, ಮದ್ದಳೆಗೆ ಕೈ ಇಟ್ಟ ತಿಂಗಳಲ್ಲೇ ಉಪ್ಪಿನ ಮೂಟೆಗಳ ನಡುವೆ ನನ್ನನ್ನೂ ಒಂದು ಮೂಟೆಯಂತೆ ದೋಣಿಗೆ ಹತ್ತಿಸಿದಿರಿ.

ನನ್ನ ಗಂಡ ಒಳ್ಳೆಯವನು. ನಾನು ಹಿತ್ತಿಲಲ್ಲಿ ತಿರುಗುವುದನ್ನು ನೋಡಿಯೂ ನೋಡದಂತಿದ್ದ. ಬರಗಾಲದ ವರ್ಷದ ಜ್ವರದಲ್ಲಿ ಹೋದ. ಆ ವರ್ಷ ಈ ಊರಿನ ಹೊಳೆಯಲ್ಲಿ ನೀರು ಹರಿಯದಷ್ಟು ಹೆಣ ತುಂಬಿದ್ದಾಗ ನಿಮ್ಮ ಶೋಗುನರು ತಾಯಿಯ ಅರಮನೆಗೆ ಹೊಸ ತೋಟ ಮಾಡಿಸುತ್ತಿದ್ದರಂತೆ. ಆ ಮನೆತನ ಕೈ ಹಿಡಿದು ಎತ್ತಿತು ಎಂದಿರಲ್ಲ, ಅದಕ್ಕೆ ನೆನಪಾಯಿತು.

ನನ್ನ ಮೇಳದವರು ಉಪ್ಪು ಬೇಯಿಸುತ್ತಿದ್ದ ವಿಧವೆಯರು. ಅವರ ಸೊಂಟ ನಿಮ್ಮ ಗಂಡಸರ ಸೊಂಟಕ್ಕಿಂತ ಗಟ್ಟಿ.

ಎಚಿಜೆನ್ ಹೆಂಗಸರ ಮೇಳದ ಯಜಮಾನಿ,
ನಾಮಿ


ಬುನ್ಶೋ ಒಂದನೆಯ ವರ್ಷ, ಮೂರನೆಯ ತಿಂಗಳು, ಏಳು
ಆಶಿಹಾಮ

ನಾಮಿಗೆ,

ನಾಲಿಗೆ ಉದ್ದವಾಗಿದೆ. ಉಪ್ಪು ತಿಂದು ಬೆಳೆದ ನಾಲಿಗೆ.

ಶೋಗುನರ ಮಾತು ಎತ್ತಬೇಡ. ರಾಜ್ಯ ಆಳುವವರಿಗೆ ನೂರು ಕಷ್ಟ. ಅವರು ತೋಟ ಮಾಡಿಸಿದರು, ಸರಿ. ಇನ್ನೊಬ್ಬರು ಆಗಿದ್ದರೆ ಆ ದುಡ್ಡಿನಲ್ಲಿ ಕತ್ತಿ ಮಾಡಿಸುತ್ತಿದ್ದರು. ಹೂವು ಇಡುವವನು, ಚಹಾ ಕಾಯಿಸುವವನು, ತೋಟದಲ್ಲಿ ಕಲ್ಲು ನಿಲ್ಲಿಸುವವನು, ಕುಣಿಯುವವನು, ಇಂಥವರಿಗೂ ಒಂದು ಬೆಲೆ ಇದೆ ಎಂದು ಈ ನಾಡಿಗೆ ತೋರಿಸಿದ್ದು ಆ ಮನೆತನ. ನಾಳೆ ಯಾರು ಗೆದ್ದರು ಯಾರು ಸೋತರು ಎಂಬುದನ್ನು ಜನ ಮರೆತಾರು. ಇದನ್ನು ಮರೆಯುವುದಿಲ್ಲ.

ನಿನಗೆ ಮಾತಿನಲ್ಲಿ ಹೇಳಿದ್ದು ಸಾಕು. ಅರಮನೆಯಲ್ಲಿ ಆಟಪಾಟಗಳನ್ನು ನೋಡಿಕೊಳ್ಳುವ ಅಧಿಕಾರಿಗೆ ದೂರು ಬರೆದು, ದೇವರ ಹೆಸರಿನಲ್ಲಿ ಆಣೆಯಿಟ್ಟು, ಮಗೊಶಿರೊ ಕೈಯಲ್ಲಿ ಕಳುಹಿಸಿದ್ದೇನೆ. ಅವನು ಹೋಗಲು ಒಪ್ಪದೆ ಎರಡು ದಿನ ಮುಖ ಊದಿಸಿಕೊಂಡಿದ್ದ. ಆಮೇಲೆ ಹೋದ. ಬಂದವನು ಊಟ ಮಾಡದೆ ಮಲಗಿದ. ನಿನ್ನ ತಾಯಿಗೆ ಇದು ಯಾವುದೂ ಗೊತ್ತಿಲ್ಲ. ಪತ್ರಗಳನ್ನು ಅವಳಿಗೆ ಓದಿ ಹೇಳುವುದಿಲ್ಲ.

ಸಕೋನ್


ಬುನ್ಶೋ ಒಂದನೆಯ ವರ್ಷ, ನಾಲ್ಕನೆಯ ತಿಂಗಳು, ಎರಡು
ಕ್ಯೋಟೋ

ಯಜಮಾನರಿಗೆ,

ನಿಮ್ಮ ದೂರಿನ ಫಲವನ್ನು ನಿಮಗೆ ತಿಳಿಸುವುದು ನನ್ನ ಕರ್ತವ್ಯ.

ಆಳು ಬಂದು ನನ್ನನ್ನು ಅಧಿಕಾರಿಯ ಮನೆಗೆ ಕರೆದೊಯ್ದ. ಅಧಿಕಾರಿ ದಪ್ಪನೆಯ ಮನುಷ್ಯ, ಒಣಗಿಸಿದ ಪರ್ಸಿಮನ್ ಹಣ್ಣು ಅಗಿಯುತ್ತಾ ಕೂತಿದ್ದ. ನಿಮ್ಮ ಕಾಗದ ಬಿಡಿಸಿ ಗಟ್ಟಿಯಾಗಿ ಓದಿದ. ನಾವು ಕಳ್ಳರು, ಕದ್ದು ನೋಡಿ ಕಲಿತವರು ಎಂದಿತ್ತು. ಆಮೇಲೆ ಓದಿದ: "ನಮ್ಮ ಮನೆಯಲ್ಲಿ ಎಂದೂ ಹೆಣ್ಣಿಗೆ ವಿದ್ಯೆ ಕೊಟ್ಟಿಲ್ಲ. ನನಗೆ ಇರುವವನು ಒಬ್ಬನೇ ಮಗ. ಮಗಳು ಇಲ್ಲ, ಎಂದೂ ಇರಲಿಲ್ಲ."

ಅವನು ತಲೆ ಎತ್ತಿ, "ಈ ಮುದುಕನಿಗೂ ನಿನಗೂ ಏನಮ್ಮ ಸಂಬಂಧ?" ಎಂದ.

"ಏನೂ ಇಲ್ಲ" ಎಂದೆ. ಆಣೆಯಿಟ್ಟು ಹೇಳಿದ್ದೀರಲ್ಲ, ದೊಡ್ಡವರ ಮಾತಿಗೆ ಎದುರಾಡಬಾರದು.

ಈಗ ಮುಂದಿನದು ಕೇಳಿ. ಅಧಿಕಾರಿಗೆ ನಮ್ಮ ಹೆಸರೇ ಗೊತ್ತಿರಲಿಲ್ಲ. ದಿನಕ್ಕೊಂದು ಮೇಳ ಬಂದು ಹೋಗುವ ಊರು ಇದು. ನಿಮ್ಮ ದೂರು ಓದಿದ ಮೇಲೆ, ಇಷ್ಟು ಹೊಟ್ಟೆಯುರಿ ಹುಟ್ಟಿಸುವ ಹೆಂಗಸರು ಎಂಥವರು ಎಂದು ಅವನಿಗೆ ಕುತೂಹಲ ಹುಟ್ಟಿತಂತೆ. ಮೇಲಿನವರ ಮುಂದೆ ತಮಾಷೆಗೆ ಆ ಮಾತು ಆಡಿದನಂತೆ. ಮೇಲಿನವರು ಇನ್ನೂ ಮೇಲೆ ಹೇಳಿದರು. ಮುಂದಿನ ತಿಂಗಳು ಒಬ್ಬ ಸಾಮಂತರ ಮನೆಗೆ ಶೋಗುನರು ಊಟಕ್ಕೆ ಬರುವ ದಿನ ನಾವು ಅಲ್ಲಿ ಆಡಬೇಕೆಂದು ಅಪ್ಪಣೆಯಾಗಿದೆ.

ನೀವು ಅರಮನೆಯ ಬಾಗಿಲಲ್ಲಿ ವರ್ಷಗಟ್ಟಲೆ ಕಾದಿರಿ. ನನಗೆ ಒಂದೇ ಕಾಗದದಲ್ಲಿ ತೆರೆಸಿಕೊಟ್ಟಿರಿ. ನಿಮ್ಮ ಕೈಬರಹ ಮೊದಲಿನಿಂದಲೂ ಚೆನ್ನಾಗಿತ್ತು.

ಎಂದೂ ಇರದವಳು,
ನಾಮಿ


ಬುನ್ಶೋ ಒಂದನೆಯ ವರ್ಷ, ಐದನೆಯ ತಿಂಗಳು, ಒಂಬತ್ತು
ಆಶಿಹಾಮ

ಕಳ್ಳಿಗೆ,

ಮಗೊಶಿರೊ ಎಲ್ಲಿ? ಮದ್ದಳೆಗೆ ಹೊಸ ಚರ್ಮ ತರುತ್ತೇನೆಂದು ಓತ್ಸುವಿಗೆ ಹೋದವನು ಮರಳಿ ಬಂದಿಲ್ಲ. ಮದ್ದಳೆಯೂ ಇಲ್ಲ. ಇದ್ದ ಎರಡು ಒಳ್ಳೆಯ ಅಂಗಿಗಳೂ ಇಲ್ಲ. ನಿನ್ನ ಮದ್ದಳೆಯವಳು ಮಗಳ ಹೆರಿಗೆಗೆಂದು ಊರಿಗೆ ಹೋದಳಂತೆ, ಆ ದೋಣಿಯವನೇ ಸಾರುತ್ತಿದ್ದ. ಇನ್ನೊಬ್ಬರು ಬಿಡಿಸಿ ಹೇಳಬೇಕಾಗಿಲ್ಲ.

ಅವನು ಈ ಮನೆಯ ಮುಂದಿನ ಯಜಮಾನ. ಎಂಟನೆಯ ತಿಂಗಳಲ್ಲಿ ಅರಮನೆಯಲ್ಲಿ 'ಸೌದೆಯ ಮುದುಕಿ' ಕುಣಿಯಬೇಕಾದವನು. ಅವನ ಹೆಜ್ಜೆ ಭಾರ, ಗೊತ್ತು. ತಿದ್ದುತ್ತಿದ್ದೆ. ಹೋಗುವ ಹಿಂದಿನ ದಿನ ತಿದ್ದುವಾಗ ಅವನು ನಿಂತುಬಿಟ್ಟು, "ನಂಗೆ ಕುಣಿಯೋಕೆ ಬರಲ್ಲಪ್ಪ. ಬರೋರು ಬೇರೆ ಇದ್ದಾರೆ, ನಿಂಗೂ ಗೊತ್ತು" ಎಂದ. ನಾನು ಕಡ್ಡಿ ಎತ್ತಿದೆ. ಇಪ್ಪತ್ತಾರು ವರ್ಷದ ಗಂಡಸು, ಕೈ ಅಡ್ಡ ಹಿಡಿಯಲೂ ಇಲ್ಲ.

ನಿನ್ನ ತಾಯಿ ಅವನ ಬಟ್ಟಲಿಗೆ ಗಂಜಿ ಬಡಿಸಿ ಮುಂದಿಟ್ಟುಕೊಂಡು ಕೂತಿರುತ್ತಾಳೆ. ಅವನನ್ನು ವಾಪಸು ಕಳುಹಿಸು. ಇಲ್ಲವಾದರೆ ನನಗೆ ಮಗನೂ ಇಲ್ಲ ಎಂದು ಬರೆದುಕೊಡುತ್ತೇನೆ. ಅದಕ್ಕೂ ಕೈಬರಹ ಚೆನ್ನಾಗಿಯೇ ಇದೆ.

ಸಕೋನ್


ಬುನ್ಶೋ ಒಂದನೆಯ ವರ್ಷ, ಐದನೆಯ ತಿಂಗಳು, ಇಪ್ಪತ್ತೆಂಟು
ಕ್ಯೋಟೋ

ಯಜಮಾನರಿಗೆ,

ನಾನು ಅವನನ್ನು ಕರೆಯಲಿಲ್ಲ. ಮದ್ದಳೆಯವಳಿಲ್ಲದ ಕಾರಣ ಆ ಆಟವನ್ನೇ ಕೈಬಿಟ್ಟು ಬೇರೆ ಆಡೋಣವೆಂದಿದ್ದೆ. ಒಂದು ಮಳೆಯ ಸಂಜೆ ಬಾಗಿಲಲ್ಲಿ ಮಂಡಿಯವರೆಗೆ ಕೆಸರು ಮೆತ್ತಿಕೊಂಡು ನಿಂತಿದ್ದ. ನಾನು ಅಂದು ಬೆನ್ನಿಗೆ ಕಟ್ಟಿಕೊಂಡಿದ್ದ ಕೂಸು ಗಡ್ಡ ಬಿಟ್ಟುಕೊಂಡು ಬಂದಿತ್ತು. "ಅಕ್ಕ, ನಿಲ್ಲಿಸೋ ಜಾಗ ನಂಗೆ ಗೊತ್ತು. ನೀನು ಕುಣಿ" ಎಂದ. ಇಷ್ಟೇ ಅವನಾಡಿದ ಮಾತು.

ಮೊನ್ನೆ ಆಟವಾಯಿತು. ಸಾಮಂತರ ಮನೆಯ ಹೊರಗೆ ಬೀದಿ ತುಂಬ ಈಟಿ ಹಿಡಿದ ಆಳುಗಳು. ಪ್ರತಿ ಒಡೆಯನೂ ಊರಿಗೆ ದಂಡು ತಂದಿಟ್ಟಿದ್ದಾನೆ. ಯಾವ ಮನೆತನಕ್ಕೆ ಯಾರು ವಾರಸುದಾರ ಎಂದು ನಿಮ್ಮ ಶೋಗುನರು ಬೇಸಗೆಗೊಂದು ಹೇಳುತ್ತಾರೆ, ಚಳಿಗಾಲಕ್ಕೊಂದು. ತಮ್ಮ ಪೀಠಕ್ಕೇ ಮೊದಲು ತಮ್ಮನನ್ನು ಗೊತ್ತು ಮಾಡಿ, ಈಗ ಮಗ ಹುಟ್ಟಿದ ಮೇಲೆ ಸುಮ್ಮನಿದ್ದಾರೆ. ಮಗ ಹುಟ್ಟಿದ ಮೇಲೆ ಏನಾಗುತ್ತದೆ ಎಂಬುದು ನನಗೆ ಹೊಸದಲ್ಲ. ಗೋಡೆಯ ಒಳಗೆ ಮಾತ್ರ ಎಲೆಯೊಂದೂ ಅಲುಗಾಡುತ್ತಿರಲಿಲ್ಲ. ಒಂದು ಹೂಜಿ, ಅದರಲ್ಲಿ ಒಂದೇ ಐರಿಸ್ ಹೂವು. ಅದನ್ನು ಇಟ್ಟವನ ಕೈಗೆ ಮುಗಿಯಬೇಕು ಅನಿಸಿತು, ಹಾಗನಿಸಿದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು.

ಶೋಗುನರು ಬಿದಿರ ತೆರೆಯ ಹಿಂದಿದ್ದರು. ಮುಖ ಕಾಣಲಿಲ್ಲ. ಮಗೊಶಿರೊ ಮದ್ದಳೆ ನಿಲ್ಲಿಸಿದ. ನಾನು ತಿರುಗಿದೆ. ಅಷ್ಟು ಹೊತ್ತು ತೆರೆಯ ಹಿಂದೆ ಬಟ್ಟಲುಗಳ ಸದ್ದು, ಪಿಸುಮಾತು ಇದ್ದವು, ಅವೂ ನಿಂತವು. ಆಟ ಮುಗಿದ ಮೇಲೆ ಒಳಗಿನಿಂದ ರೇಷ್ಮೆ ನಿಲುವಂಗಿಯೊಂದು ಬಂತು, ಶರತ್ಕಾಲದ ಹುಲ್ಲಿನ ಕಸೂತಿಯದು. ನನ್ನ ಹೆಗಲಿಗೆ ಹಾಕಿದರು.

ಆಮೇಲೆ ಆ ಅಧಿಕಾರಿ ಬಂದು, "ಕಲಿಸಿದವರು ಯಾರು ಅಂತ ಒಳಗಿಂದ ಕೇಳ್ತಿದ್ದಾರೆ" ಎಂದ.

"ಆಶಿಹಾಮದ ಸಕೋನ್" ಎಂದೆ.

ಅವನ ಮುಖ ಬದಲಾಯಿತು. "ಹೆಣ್ಣಿಗೆ ಕಲಿಸಿಲ್ಲ ಅಂತ ಆಣೆ ಹಾಕಿದ್ನಲ್ಲ, ಅವನಾ? ಎಲ್ಲಿದ್ದಾನೆ ಈಗ?"

"ತೀರಿಕೊಂಡರು" ಎಂದೆ. "ಆ ದೂರು ಬರೆದ ದಿನವೇ ತೀರಿಕೊಂಡರು."

ಅವನು ಲೆಕ್ಕಿಗನ ಕಡೆ ತಿರುಗಿ, "ಸತ್ತ ಅಂತ ಬರ್ಕೊ" ಎಂದ.

ಮಗೊಶಿರೊ ಬರುವುದಿಲ್ಲವಂತೆ. ಅಮ್ಮನಿಗೆ ಅಂಟು ಬೆಲ್ಲದ ಮಿಠಾಯಿ ಕಳುಹಿಸಿದ್ದಾನೆ. ಅದನ್ನಾದರೂ ಅವಳಿಗೆ ಕೊಡಿ.

ನಾಮಿ


ಬುನ್ಶೋ ಒಂದನೆಯ ವರ್ಷ, ಎಂಟನೆಯ ತಿಂಗಳು, ಹದಿನೇಳು
ಆಶಿಹಾಮ

ಮೂರು ತಿಂಗಳು ಸುಮ್ಮನಿದ್ದೆ. ನಿನ್ನ ಪತ್ರದ ಆ ಮಾತು ನನ್ನನ್ನು ಚುಚ್ಚಲೆಂದು ಬರೆದದ್ದು, ನಿಜವಾಗಿ ಹಾಗೆ ಹೇಳಿರಲಾರೆ ಎಂದುಕೊಂಡಿದ್ದೆ. ಅರಮನೆಯವರು ಗೊತ್ತುಮಾಡಿದ್ದ ದಿನಕ್ಕೆ ಸರಿಯಾಗಿ ಉಳಿದ ಗಂಡಸರನ್ನು ಕಟ್ಟಿಕೊಂಡು, ವೇಷದ ಪೆಟ್ಟಿಗೆ ಹೊರಿಸಿಕೊಂಡು ಕ್ಯೋಟೋಗೆ ಹೋದೆ. ಮಗೊಶಿರೊ ಜಾಗದಲ್ಲಿ ನಾನೇ ಕುಣಿಯುವವನಿದ್ದೆ. ಮಂಡಿ ಹೋಗಿದೆ, ಆದರೂ ಕುಣಿಯುವವನಿದ್ದೆ.

ಬಾಗಿಲಲ್ಲಿ ಲೆಕ್ಕಿಗ ಕಾಗದ ತಿರುವಿದ. "ಆಶಿಹಾಮದ ಸಕೋನ್ ಸತ್ತಿದ್ದಾನೆ. ಅವನ ದಿನ ಬೇರೆಯವರಿಗೆ ಕೊಟ್ಟಾಯ್ತು. ನೀನ್ಯಾರು?"

ನಾನೇ ಸಕೋನ್ ಎಂದೆ. ನನ್ನ ಹಿಂದೆ ನಿಂತಿದ್ದ ಮೇಳದ ಗಂಡಸರು ನಕ್ಕರು, ತಮಾಷೆ ಎಂದುಕೊಂಡು.

ಆ ಲೆಕ್ಕಿಗ ನಿಧಾನಸ್ಥ. ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದ. "ನೋಡು ಯಜಮಾನ. ಸಕೋನ್ ಬದುಕಿದ್ರೆ, ಶೋಗುನರ ಕಚೇರಿಗೆ ದೇವರಾಣೆ ಮಾಡಿ ಸುಳ್ಳು ಬರೆದುಕೊಟ್ಟೋನು ಅವನೇ. ಅದಕ್ಕೆ ತಲೆ ಹೋಗುತ್ತೆ. ಸತ್ತಿದ್ರೆ ಏನೂ ಇಲ್ಲ. ಈಗ ಯೋಚನೆ ಮಾಡಿ ಹೇಳು. ಸಕೋನ್ ಬದುಕಿದ್ದಾನೋ, ಸತ್ತಿದ್ದಾನೋ?"

ನಾನು ಹೇಳಿದೆ, ಸತ್ತಿದ್ದಾನೆ ಎಂದು. ನನ್ನ ಬಾಯಿಂದಲೇ ಹೇಳಿದೆ. ಗಂಡಸರು ಯಾರೂ ನಗಲಿಲ್ಲ.

ದಾರಿಯಲ್ಲೇ ಇಬ್ಬರು ಬಿಟ್ಟುಹೋದರು. ಮನೆ ಸೇರುವಷ್ಟರಲ್ಲಿ ಮತ್ತೂ ಕೆಲವರು. ಯಾಮಾತೋ ಮೇಳಗಳಿಗೆ ಹಿಮ್ಮೇಳ ಬೇಕಂತೆ. ಇಲ್ಲದಿದ್ದರೆ ಸಾಮಂತರಿಗೆ ಕಾಲಾಳು ಬೇಕಂತೆ. ವೇಷದ ಪೆಟ್ಟಿಗೆಯನ್ನು ನಾನೇ ಹೊತ್ತು ತಂದೆ.

ನೀನು ಹಾಗೆ ಹೇಳಿದ್ದು ನನ್ನ ತಲೆ ಉಳಿಸಲಿಕ್ಕೋ, ನನ್ನನ್ನು ಹೂಳಲಿಕ್ಕೋ, ನಾನು ಕೇಳುವುದಿಲ್ಲ. ಕೇಳಿದರೂ ನೀನು ನಿಜ ಹೇಳುವವಳಲ್ಲ. ಎರಡೂ ಒಂದೇ. ಸತ್ತವರು ಪತ್ರ ಬರೆಯುವುದಿಲ್ಲ. ಇನ್ನು ನಿನಗೂ ಬರೆಯುವ ಕಷ್ಟ ಬೇಡ.


ಓನಿನ್ ಒಂದನೆಯ ವರ್ಷ, ಏಳನೆಯ ತಿಂಗಳು, ಆರು
ತ್ಸುರುಗಾ

ಅಪ್ಪ,

ಸಾಮಂತರು ಎರಡು ಪಾಳೆಯವಾಗಿ ಕಾದಾಡಿ ಕ್ಯೋಟೋ ಸುಟ್ಟುಹೋಯಿತು. ಕೇಳಿರುತ್ತೀರಿ.

ನಾವಿದ್ದ ಬೀದಿಗೆ ಪೂರ್ವದ ಕಡೆಯವರು ಬೆಂಕಿ ಇಟ್ಟರೋ ಪಶ್ಚಿಮದವರೋ ಗೊತ್ತಿಲ್ಲ. ಒಂದೇ ಬಗೆಯ ಬಟ್ಟೆ, ಒಂದೇ ಬಗೆಯ ಕೂಗು. ವೇಷ, ಮುಖವಾಡ ಎಲ್ಲ ಹೋದವು. ಹೆಂಗಸರೆಲ್ಲ ಹೊರಗೆ ಬಂದೆವು ಎಂದುಕೊಂಡಾಗ, ಮೇಳದಲ್ಲಿ ಕೊಳಲು ನುಡಿಸುವ ತಾಕೆ ಒಳಗೇ ಉಳಿದಿದ್ದಳು. ಮಗೊಶಿರೊ ನುಗ್ಗಿದ. ಅವಳನ್ನು ಹೊರಗೆ ತಳ್ಳಿದ ಮೇಲೆ ತೊಲೆ ಬಿತ್ತು. ಬಲಗೈ ಮೇಲೆ.

ಜೀವಕ್ಕೆ ಅಪಾಯವಿಲ್ಲ. ಕೈ ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿವೆ. ಇನ್ನು ಮದ್ದಳೆ ಇಲ್ಲ. ಕಟ್ಟಲು ಬೇರೆ ಬಟ್ಟೆ ಸಿಗದೆ ಶೋಗುನರ ನಿಲುವಂಗಿಯನ್ನು ಹರಿದೆ. ದಾರಿಯುದ್ದಕ್ಕೂ ಹರಿಯುತ್ತಾ ಬಂದೆ. ಒಳ್ಳೆಯ ರೇಷ್ಮೆ, ಗಾಯಕ್ಕೆ ಅಂಟುವುದಿಲ್ಲ.

ಅವನು ಊರಿಗೆ ಹೋಗುತ್ತೇನೆನ್ನುತ್ತಿದ್ದಾನೆ. ನಮ್ಮ ಜೊತೆ ಇದ್ದರೆ ಅನ್ನಕ್ಕೆ ಭಾರವೆಂದು ಅವನಿಗೆ. ಬೇಡವೆಂದರೂ ಕೇಳುವುದಿಲ್ಲ. ಅವನನ್ನು ಒಳಗೆ ಕರೆದುಕೊಳ್ಳಿ. ನನಗೆ ಮುಚ್ಚಿದ ಬಾಗಿಲನ್ನು ಅವನಿಗೂ ಮುಚ್ಚಿದರೆ, ನಾನು ಅಂದು ಅಧಿಕಾರಿಗೆ ಹೇಳಿದ್ದು ಸುಳ್ಳಲ್ಲ ಎಂದು ತಿಳಿಯುತ್ತೇನೆ.

ನಾಮಿ


ಓನಿನ್ ಎರಡನೆಯ ವರ್ಷ, ಮೂರನೆಯ ತಿಂಗಳು, ಮೂರು
ಆಶಿಹಾಮ

ನಾಮಿಗೆ,

ಮಗೊಶಿರೊ ಕಳೆದ ಶರತ್ಕಾಲದಲ್ಲಿಯೇ ಬಂದ. ಬಾಗಿಲು ತೆಗೆಯುವುದೋ ಬೇಡವೋ ಎಂದು ನಾನು ಯೋಚಿಸುವಷ್ಟರಲ್ಲಿ ನಿನ್ನ ತಾಯಿ ಅಂಗಳದಲ್ಲಿ ಅವನ ಕೈ ಬಿಚ್ಚಿ ಕೂತಿದ್ದಳು. ಆ ರೇಷ್ಮೆಯ ತುಂಡುಗಳನ್ನು ಒಗೆದು ಜೊಂಡಿನ ಮೇಲೆ ಒಣಹಾಕಿದಳು. ಅಷ್ಟು ವರ್ಷ ನಾನು ಆಸೆಪಟ್ಟ ಬಟ್ಟೆ ನಮ್ಮ ಹಿತ್ತಿಲಿಗೆ ಹಾಗೆ ಬಂತು.

ಮೇಳದಲ್ಲಿ ಗಂಡಸರು ಯಾರೂ ಉಳಿದಿಲ್ಲ. ಎಲ್ಲ ದಂಡಿಗೆ ಹೋಗಿದ್ದಾರೆ. ಚಳಿಗಾಲದಲ್ಲಿ ಮಗೊಶಿರೊ ಬೆಸ್ತರ ಮನೆಯ ನಾಲ್ಕು ಹುಡುಗಿಯರನ್ನು ಹಿತ್ತಿಲಲ್ಲಿ ನಿಲ್ಲಿಸಿಕೊಂಡು, ಬಾಯಲ್ಲೇ ಮದ್ದಳೆಯ ಸೊಲ್ಲು ಹೇಳುತ್ತಾ ಹೆಜ್ಜೆ ಹಾಕಿಸಲು ಶುರುಮಾಡಿದ. ನನ್ನನ್ನು ಕೇಳಲಿಲ್ಲ. ನಾನು ಒಳಗೆ ಬಾಗಿಲು ಹಾಕಿಕೊಂಡು ಕೂತೆ. ಕಿವಿ ಮುಚ್ಚಿಕೊಳ್ಳಲಾಗುವುದಿಲ್ಲವಲ್ಲ. ಅವನಿಗೆ ಲೆಕ್ಕ ಗೊತ್ತು, ಪಾದ ಗೊತ್ತಿಲ್ಲ. ಎಲ್ಲ ತಪ್ಪು. ಒಬ್ಬಳು ಹಿಮ್ಮಡಿ ಎತ್ತಿ ಎತ್ತಿ ಇಡುತ್ತಿದ್ದಳು, ಬಾತುಕೋಳಿ ಹಾಗೆ. ಕೆಲವು ದಿನ ತಡೆದೆ. ಆಮೇಲೆ ಬಾಗಿಲು ತೆಗೆದೆ, ಬೈಯಲಿಕ್ಕೆ. ಅವತ್ತಿನಿಂದ ದಿನಾ ಬೈಯುತ್ತಿದ್ದೇನೆ.

ಇಲ್ಲಿನ ಒಡೆಯರು ದೇಗುಲದ ಸುಗ್ಗಿಗೆ 'ಸೌದೆಯ ಮುದುಕಿ' ಬೇಕೆಂದಿದ್ದಾರೆ. ಈ ಹುಡುಗಿಯರಿಗೆ ಅದು ಇನ್ನೂ ಹತ್ತು ವರ್ಷದ ಮಾತು. ನನ್ನ ಮಂಡಿ ಬಗ್ಗುವುದಿಲ್ಲ. ಹಿಮ ಕರಗಿ ಉತ್ತರದ ಘಟ್ಟದ ದಾರಿ ತೆರೆದಿದೆ, ಅಲ್ಲಿಂದ ದೋಣಿಯೂ ಸಿಗುತ್ತದೆ. ಸುಮ್ಮನೆ ತಿಳಿಸಿದೆ.

ಸಕೋನ್


ಓನಿನ್ ಎರಡನೆಯ ವರ್ಷ, ಮೂರನೆಯ ತಿಂಗಳು, ಇಪ್ಪತ್ತನಾಲ್ಕು
ತ್ಸುರುಗಾ

ಯಜಮಾನರಿಗೆ,

ದಾರಿ ತೆರೆದಿರುವುದು ನನಗೂ ಗೊತ್ತು. ಬರುವುದಿಲ್ಲ.

ನಿಮ್ಮ ಹಿತ್ತಿಲಲ್ಲಿ ಈಗ ನಾಲ್ಕು ಹುಡುಗಿಯರಿದ್ದಾರೆ. ನಾಳೆ ಯುದ್ಧ ಮುಗಿದು ಗಂಡಸರು ಮರಳುತ್ತಾರೆ. ಮಗೊಶಿರೊಗೆ ಮದುವೆಯಾಗಿ ಗಂಡು ಹುಟ್ಟುತ್ತದೆ. ಅವತ್ತು ಈ ನಾಲ್ವರಿಗೂ ಒಂದು ಕಾಗದ ಬರೆಯುತ್ತೀರಿ, ಎಂದೂ ಇರಲಿಲ್ಲ ಎಂದು. ಅವರಿಗೆ ಈಗಲೇ ಹೇಳಿಬಿಡಿ, ಮೀನು ಸೀಳುವುದನ್ನಾದರೂ ಕಲಿತುಕೊಳ್ಳಲಿ.

ನಾನು ಆ ಅಂಗಳಕ್ಕೆ ಕಾಲಿಡಬೇಕಾದರೆ ಮೊದಲು ಇದ್ದವಳಾಗಬೇಕು. ಅಳಿಸಿದ್ದು ಶೋಗುನರ ಕಚೇರಿಯಲ್ಲಿ, ಅಲ್ಲಿಯೇ ಬರೆಯಬೇಕು. ನನಗೆ ಬರೆದರೆ ಪ್ರಯೋಜನವಿಲ್ಲ. ತಲೆ ಹೋಗುತ್ತದೆ ಎನ್ನುವಿರಾದರೆ, ಒಳ್ಳೆಯದು, ತಲೆ ಇಟ್ಟುಕೊಳ್ಳಿ. ಅದಕ್ಕೇ ಅಲ್ಲವೇ ನಾನು ಅಂದು ಹಾಗೆ ಹೇಳಿದ್ದು.

ನಾಮಿ


ಓನಿನ್ ಎರಡನೆಯ ವರ್ಷ, ಐದನೆಯ ತಿಂಗಳು, ಹದಿನಾಲ್ಕು
ಆಶಿಹಾಮ

ನಾಮಿಗೆ,

ಕ್ಯೋಟೋಗೆ ಹೋಗಿ ಬಂದೆ. ನಿನ್ನ ತಾಯಿಗೆ ಎಲ್ಲ ಪತ್ರಗಳನ್ನೂ, ಆ ದೂರಿನ ಸಂಗತಿಯನ್ನೂ ಓದಿ ಹೇಳಿ ಹೋದೆ. ಅವಳು ಏನೆಂದಳು ಎಂಬುದನ್ನು ಬರೆಯುವುದಿಲ್ಲ.

ಊರೆಲ್ಲ ಕಂದಕ. ಮನೆಗಳಿದ್ದ ಕಡೆ ಹುಲ್ಲು ಬೆಳೆದಿದೆ, ಆ ಹುಲ್ಲಿನಲ್ಲಿ ಲಾವುಗೆ ಹಕ್ಕಿ ಕೂಗುತ್ತಿತ್ತು. ಆ ಅಧಿಕಾರಿಯ ಮನೆ ಇದ್ದ ಜಾಗ ಹುಡುಕಲು ಅರ್ಧ ದಿನ ಬೇಕಾಯಿತು. ಸುಟ್ಟ ಕಂಬಗಳಿವೆ. ಅವನು ಬದುಕಿದ್ದಾನೋ ಇಲ್ಲವೋ ಹೇಳುವವರಿಲ್ಲ. ಆ ನಿಧಾನಸ್ಥ ಲೆಕ್ಕಿಗನ ಸುದ್ದಿಯೂ ಇಲ್ಲ.

ಶೋಗುನರ ಅರಮನೆ ಮಾತ್ರ ಹಾಗೆಯೇ ಇದೆ. ಸುತ್ತ ಬೇಲಿ, ಬೇಲಿಯ ಸುತ್ತ ದಂಡು. ಅಲ್ಲಿಗೇ ಹೋದೆ. ಬರೆದು ತಂದಿದ್ದ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು, ಇದು ಒಳಗೆ ಸೇರಬೇಕು, ನಾನು ತಪ್ಪಿತಸ್ಥ, ಬೇಕಾದರೆ ಹಿಡಿದು ಕಟ್ಟಿ ಎಂದೆ. ಕಾವಲಿನವನಿಗೆ ನಿನಗಿಂತ ಚಿಕ್ಕ ವಯಸ್ಸು. "ಒಳಗೆ ಆಟ ನಡೀತಿದೆ ತಾತ, ಈಗ ಯಾರೂ ಬರಲ್ಲ. ಹೋಗು" ಎಂದ. ನಿಜ, ಗೋಡೆಯ ಆಚೆ ಮದ್ದಳೆ ಕೇಳಿಸುತ್ತಿತ್ತು. ಇಷ್ಟೆಲ್ಲ ಸುಟ್ಟು ಬೂದಿಯಾದ ಮೇಲೂ. ನೀನು ಆ ಮನುಷ್ಯನ ಬಗ್ಗೆ ಬರೆದದ್ದೆಲ್ಲ ಸರಿಯೇ ಇರಬಹುದು. ಆದರೆ ಮದ್ದಳೆಯವನು ಒಳ್ಳೆಯ ಕೈ. ಸುಳ್ಳು ಹೇಳಲಾರೆ, ಆಟ ಮುಗಿಯುವವರೆಗೂ ಬೇಲಿಯ ಪಕ್ಕ ನಿಂತು ಕೇಳಿದೆ. ಮುಗಿದ ಮೇಲೆ ಮತ್ತೆ ಕೇಳಿಕೊಂಡೆ. ಮಾರನೆಯ ದಿನವೂ ಹೋದೆ. ಮೂರನೆಯ ದಿನ ಈಟಿಯ ಹಿಡಿಯಿಂದ ತಿವಿದು ಓಡಿಸಿದರು.

ಕೊಡಲು ಕಚೇರಿಯೇ ಇಲ್ಲ. ಬರೆದದ್ದನ್ನು ಇದರ ಜೊತೆ ಕಳುಹಿಸಿದ್ದೇನೆ. ನಿನಗೆ ಬರೆದದ್ದಲ್ಲ ಅದು, ಅವರಿಗೆ ಬರೆದದ್ದು. ಇಟ್ಟುಕೋ, ಇಲ್ಲ ಒಲೆಗೆ ಹಾಕು. ನಿನ್ನ ಮೇಲಿನ ಕೋಪ ಇಳಿದಿದೆ ಎಂದು ತಿಳಿಯಬೇಡ. ಮನೆಯ ವಿದ್ಯೆಯನ್ನು ಬೀದಿಗೆ ತಂದದ್ದು ಇಂದಿಗೂ ತಪ್ಪೇ.

ಸಕೋನ್

*

ಶೋಗುನರ ಮನೆಯಲ್ಲಿ ಆಟಪಾಟಗಳ ಉಸ್ತುವಾರಿ ನೋಡುವವರ ಪಾದಗಳಿಗೆ,

ಓಮಿ ಸೀಮೆಯ ಆಶಿಹಾಮದ ಸಕೋನ್ ಎಂಬವನು ಸತ್ತಿದ್ದಾನೆಂದು ತಮ್ಮಲ್ಲಿ ಬರೆದಿದೆ. ಸತ್ತಿಲ್ಲ. ಈ ಕಾಗದ ಕೊಡುತ್ತಿರುವವನೇ ಅವನು.

ಬುನ್ಶೋ ಒಂದನೆಯ ವರ್ಷ ನಾನು ಆಣೆಯಿಟ್ಟು ಕೊಟ್ಟ ದೂರಿನಲ್ಲಿ, ನನಗೆ ಮಗಳಿಲ್ಲ, ನಮ್ಮ ಮನೆಯಲ್ಲಿ ಹೆಣ್ಣಿಗೆ ಕಲಿಸಿಲ್ಲ ಎಂದು ಬರೆದಿದ್ದೆ. ಎರಡೂ ಸುಳ್ಳು. ನನಗೆ ಮಗಳಿದ್ದಾಳೆ. ಅವಳಿಗೆ ಕಲಿಸಿದವನು ನಾನು. ನಾನು ಕಲಿಸಿದವರಲ್ಲಿ 'ಸೌದೆಯ ಮುದುಕಿ' ಕುಣಿಯಬಲ್ಲವಳು ಅವಳೊಬ್ಬಳೇ. ನನ್ನ ಮಗನಿಗೆ ಆಗಲಿಲ್ಲ. ನನಗೂ ಅವಳಷ್ಟು ಆಗಲಿಲ್ಲ.

ಸುಳ್ಳು ಆಣೆಗೆ ತಾವು ವಿಧಿಸುವ ಶಿಕ್ಷೆಗೆ ಸಿದ್ಧನಾಗಿ ಬಂದಿದ್ದೇನೆ. ದೂರನ್ನು ಹರಿದುಹಾಕಬೇಕಾಗಿ ಬೇಡುತ್ತೇನೆ.

ಎಚಿಜೆನ್ ಹೆಂಗಸರ ಮೇಳದ ಯಜಮಾನಿ ನಾಮಿಯ ತಂದೆ,
ಸಕೋನ್